ನಾಲ್ಕು ಸಲ ಎಣಿಸಿದ ಫೋಟೊ

ಸೋಮವಾರ ಬೆಳಗ್ಗೆ ಹತ್ತೂವರೆಯ ಸಭೆಯಲ್ಲಿ ಜನರಲ್ ಮ್ಯಾನೇಜರ್ ಗೋಡೆಯ ಮೇಲೆ ಒಂದು ಚಿತ್ರ ತೋರಿಸಿದರು. ದೊಡ್ಡದೊಂದು ಚೌಕಟ್ಟು, ಅದರೊಳಗೆ ಬಣ್ಣಬಣ್ಣದ ಚೌಕಗಳು. ಎಡಗಡೆಯ ಅರ್ಧವನ್ನು ಒಂದೇ ಕೆಂಪು ಚೌಕ ನುಂಗಿತ್ತು. ಅದರ ಮೇಲೆ ‘ಫೋಟೊ ಭಂಡಾರ, ಶೇ. 49’ ಎಂದು ಬರೆದಿತ್ತು.

‘ಪತ್ರಿಕೆಯ ಡಿಸ್ಕ್ ಯಾಕೆ ತುಂಬಿದೆ ಅಂತ ಎರಡು ತಿಂಗಳಿಂದ ಎಲ್ಲರೂ ಕೇಳ್ತಿದ್ದೀರಲ್ಲ, ನೋಡಿಕೊಳ್ಳಿ,’ ಎಂದರು. ‘ಇದು ನಾನು ಹೇಳ್ತಿರೋದಲ್ಲ. ನಮ್ಮ ಸಿಸ್ಟಮ್ಮ ಬರೆದ ಸಾಧನವೇ ಹೇಳ್ತಿದೆ.’

ಸಿಸ್ಟಮ್ಮ ಎಂಬುದು ಕಚೇರಿ ಇಟ್ಟ ಹೆಸರು. ಅವಳು ಹದಿನಾಲ್ಕು ವರ್ಷದಿಂದ ಆ ಪತ್ರಿಕೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದಳು. ಮೊದಲು ‘ಸಿಸ್ಟಮ್ ಮೇಡಂ’ ಆಗಿದ್ದಳು. ತಲೆಬರಹ ಕತ್ತರಿಸಿ ಅಭ್ಯಾಸವಾಗಿದ್ದ ಡೆಸ್ಕಿನವರು ಅದನ್ನೂ ಕತ್ತರಿಸಿದರು. ಸಾಧನದ ಹೆಸರು ‘ಹರವು’. ಡಿಸ್ಕಿನಲ್ಲಿ ಯಾವ ಫೋಲ್ಡರ್ ಎಷ್ಟು ಜಾಗ ಹಿಡಿದಿದೆ ಎಂಬುದನ್ನು ಅದು ನೆಲದ ಮೇಲೆ ಹಾಸಿದ ಚಾಪೆಗಳ ಹಾಗೆ ತೋರಿಸುತ್ತದೆ. ಫೋಲ್ಡರ್ ದೊಡ್ಡದಾದಷ್ಟೂ ಚಾಪೆ ದೊಡ್ಡದು. ಒಂಬತ್ತು ವರ್ಷದ ಹಿಂದೆ, ಹೆರಿಗೆ ರಜೆಯಲ್ಲಿ, ಮಗು ಮಲಗಿದ್ದ ಹೊತ್ತಿನಲ್ಲಿ ಅವಳು ಅದನ್ನು ಬರೆದಿದ್ದಳು. ಮುಕ್ತ ತಂತ್ರಾಂಶವಾಗಿ ಹೊರಗೆ ಬಿಟ್ಟಿದ್ದಳು. ಅಂದರೆ ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಒಳಗಿನ ಬರಹ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. ಕಂಡಿರದ ಎಷ್ಟೋ ಜನ ಅದಕ್ಕೆ ತುಂಡು ತುಂಡಾಗಿ ಕೆಲಸ ಸೇರಿಸಿದ್ದರು. ಹತ್ತೊಂಬತ್ತು ದಿನದ ಹಿಂದೆ ಮೂರನೆಯ ಆವೃತ್ತಿ ಹೊರಬಂದಿತ್ತು. ಹಿಂದಿನದಕ್ಕಿಂತ ನಾಲ್ಕು ಪಟ್ಟು ವೇಗ.

ಸಭೆಯ ತೀರ್ಮಾನ ಹೀಗಿತ್ತು. ಮುಂದಿನ ಸೋಮವಾರ ಪತ್ರಿಕೆಯ ವಿಡಿಯೊ ವಿಭಾಗದ ನೇರ ಪ್ರಸಾರ ಶುರು. ಅದಕ್ಕೆ ಜಾಗ ಬೇಕು. ಹೊಸ ಡಿಸ್ಕ್ ಈ ವರ್ಷ ಇಲ್ಲ. ಆದ್ದರಿಂದ ಗುರುವಾರ ಹನ್ನೊಂದು ಗಂಟೆಗೆ ಹೊರಗಿನ ಗುತ್ತಿಗೆಯವರು ಬಂದು ಫೋಟೊ ಭಂಡಾರವನ್ನು ಪೂರ್ತಿ ಅಳಿಸುತ್ತಾರೆ. ಈ ವರ್ಷದ ಫೋಟೊಗಳು ಪುಟಗಳ ಫೋಲ್ಡರಿನಲ್ಲಿ ಹೇಗೂ ಇವೆ. ಹಳೆಯ ನಲವತ್ತು ವರ್ಷದವು ಹೋಗುತ್ತವೆ. ಅವುಗಳ ಫಿಲ್ಮುಗಳನ್ನು ಸ್ಕ್ಯಾನ್ ಆದ ಮೇಲೆ, ಕೋಣೆ ಖಾಲಿ ಮಾಡುವ ಸಲುವಾಗಿ, ಆರು ವರ್ಷದ ಹಿಂದೆಯೇ ಗುಜರಿಗೆ ಹಾಕಲಾಗಿತ್ತು. ಪಕ್ಕದ ಕಟ್ಟಡದಲ್ಲಿ ಡಿಸ್ಕಿನ ನಕಲೊಂದಿತ್ತು, ಆದರೆ ಇಲ್ಲಿ ಅಳಿಸಿದ್ದು ಏಳು ದಿನದಲ್ಲಿ ಅಲ್ಲಿಯೂ ಅಳಿಯುವಂತೆ ಅದನ್ನು ಹೊಂದಿಸಲಾಗಿತ್ತು.

ಸಭೆಯಲ್ಲಿ ಸಿಸ್ಟಮ್ಮ ಆ ತೀರ್ಮಾನವನ್ನು ಡೈರಿಯಲ್ಲಿ ಬರೆದುಕೊಂಡಳು. ಚಿತ್ರ ಅವಳದೇ. ಅದು ಹೇಳಿದ್ದನ್ನು ಅವಳೂ ನಂಬಿದ್ದಳು.

ಮಂಗಳವಾರ ಮಧ್ಯಾಹ್ನ ಆಲ್ಬಮ್ ಅಣ್ಣ ಯಂತ್ರಗಳ ಕೋಣೆಗೆ ಬಂದರು. ಮೂವತ್ತೊಂದು ವರ್ಷದಿಂದ ಫೋಟೊಗಳನ್ನು ಕಾಯುತ್ತಿದ್ದವರು ಅವರು; ಮೊದಲು ಡಾರ್ಕ್‌ರೂಮಿನಲ್ಲಿ, ಆಮೇಲೆ ಕಪಾಟುಗಳ ನಡುವೆ, ಈಗ ಒಂದು ಪರದೆಯ ಮುಂದೆ. ವಾರಕ್ಕೆ ಇಬ್ಬರೋ ಮೂವರೋ ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಗಿರಣಿ ಮುಚ್ಚಿದ ದಿನ ಗೇಟಿನ ಮುಂದೆ ನಿಂತವರಲ್ಲಿ ನಮ್ಮಪ್ಪನೂ ಇದ್ದರಂತೆ, ಅವರ ಬೇರೆ ಫೋಟೊ ಇಲ್ಲ, ಒಮ್ಮೆ ನೋಡಬಹುದಾ ಎನ್ನುವಂಥವರು. ಅಣ್ಣ ಯಾರನ್ನೂ ಬರಿಗೈಯಲ್ಲಿ ಕಳಿಸಿದವರಲ್ಲ. ಈಗ ಅವರ ಕೈಯಲ್ಲಿ ಒಂದು ಖಾಲಿ ಲಕೋಟೆ, ಕಿವಿಯ ಹಿಂದೆ ಪೆನ್ಸಿಲ್.

‘ಅಮ್ಮಾ, ಒಂದು ದಡ್ಡ ಪ್ರಶ್ನೆ ಕೇಳಲಾ?’

‘ನೀವು ಹಾಗೆ ಶುರು ಮಾಡಿದ್ರೇನೇ ನನಗೆ ಭಯ, ಅಣ್ಣ. ಕೇಳಿ.’

‘ನಮ್ಮ ಡಿಸ್ಕು ಎಷ್ಟು ದೊಡ್ಡದು?’

‘ಇಪ್ಪತ್ತನಾಲ್ಕು ಟೆರಾಬೈಟ್.’

‘ಅದರಲ್ಲಿ ನನ್ನ ಫೋಟೊ ಎಷ್ಟು? ಶೇಕಡಾ ಬೇಡ, ಅಂಕಿ ಹೇಳು.’

ಹೊಸ ಆವೃತ್ತಿಯಲ್ಲಿ ಚೌಕಗಳ ಮೇಲೆ ಅಂಕಿ ಕಾಣುತ್ತಿರಲಿಲ್ಲ. ಚಿತ್ರ ಚೊಕ್ಕವಾಗಿರಲಿ ಎಂದು ಅವಳೇ ತೆಗೆಸಿ, ಶೇಕಡಾ ಮಾತ್ರ ಉಳಿಸಿದ್ದಳು. ಕೆಂಪು ಚೌಕದ ಮೇಲೆ ಎರಡು ಸಲ ಒತ್ತಿ ನೋಡಬೇಕಾಯಿತು. ‘ಹದಿನೇಳು ಪಾಯಿಂಟ್ ಆರು.’

‘ವಿಡಿಯೊದವರದ್ದು?’

‘ಒಂಬತ್ತು.’

‘ಪುಟಗಳು?’

‘ಆರು. ಮಿಕ್ಕ ಚಿಲ್ಲರೆ ಎಲ್ಲ ಸೇರಿ ಮೂರು ಪಾಯಿಂಟ್ ಆರು. ಯಾಕಣ್ಣ?’

ಅವರು ಲಕೋಟೆಯ ಬೆನ್ನ ಮೇಲೆ ಕೂಡಿದರು. ಇನ್ನೊಮ್ಮೆ ಕೂಡಿದರು. ‘ನನಗೆ ಮೂವತ್ತಾರು ಪಾಯಿಂಟ್ ಎರಡು ಬರ್ತಿದೆ. ನಾನು ಡಾರ್ಕ್‌ರೂಮಿನವನು. ನನಗೆ ಗೊತ್ತಿರೋದು ಟ್ರೇ, ಬಕೆಟ್ಟು. ತುಂಬಿದ್ರೆ ಚೆಲ್ಲುತ್ತೆ. ಇಪ್ಪತ್ತನಾಲ್ಕರ ಬಕೆಟ್ಟಲ್ಲಿ ಮೂವತ್ತಾರು ಹೇಗಮ್ಮ ಹಿಡಿಸಿದೆ?’

ಸಿಸ್ಟಮ್ಮ ಲಕೋಟೆಯನ್ನು ತೆಗೆದುಕೊಂಡು ತಾನೂ ಕೂಡಿ ನೋಡಿದಳು. ಆಮೇಲೆ ಕುರ್ಚಿ ಎಳೆದುಕೊಂಡು ಕೂತಳು. ಐದು ನಿಮಿಷ ಹರವಿನ ಒಳಗಿನ ಬರಹವನ್ನು ತೆರೆದು ಓದಿದಳು. ಅವರು ಬಾಗಿಲಿಗೆ ಒರಗಿ ನಿಂತೇ ಇದ್ದರು.

ಆಲ್ಬಮ್ ಅಣ್ಣನಿಗೆ ಒಂದೊಂದು ಫೋಟೊವೂ ನಾಲ್ಕು ಕಡೆ ಸಿಗಬೇಕಿತ್ತು: ತಾರೀಖಿನಡಿ, ವ್ಯಕ್ತಿಯಡಿ, ಜಾಗದಡಿ, ವಿಷಯದಡಿ. ಕಪಾಟಿನ ಕಾಲದಲ್ಲಿ ಅವರು ಅದಕ್ಕಾಗಿ ನಾಲ್ಕು ಪ್ರಿಂಟ್ ಹಾಕುತ್ತಿದ್ದರು. ಫೋಟೊಗಳು ಡಿಸ್ಕಿಗೆ ಬಂದಾಗ ಸಿಸ್ಟಮ್ಮನೇ ದಾರಿ ಹುಡುಕಿಕೊಟ್ಟಿದ್ದಳು. ಫೋಟೊ ಡಿಸ್ಕಿನಲ್ಲಿ ಒಂದೇ ಜಾಗದಲ್ಲಿ ಇರುತ್ತದೆ, ಅದಕ್ಕೊಂದು ನಂಬರ್. ನಾಲ್ಕು ಫೋಲ್ಡರುಗಳಲ್ಲಿ ಇರುವುದು ಆ ನಂಬರನ್ನು ತೋರಿಸುವ ಹೆಸರಿನ ಚೀಟಿಗಳು ಮಾತ್ರ. ನಾಲ್ಕು ಚೀಟಿ, ಒಂದು ಫೋಟೊ. ಯಾವ ಚೀಟಿಯಿಂದ ತೆರೆದರೂ ಅದೇ ಫೋಟೊ.

ಹಳೆಯ ಹರವಿಗೆ ಇದು ಗೊತ್ತಿತ್ತು. ಕಂಡ ನಂಬರುಗಳ ಪಟ್ಟಿಯೊಂದನ್ನು ಇಟ್ಟುಕೊಳ್ಳುತ್ತಿತ್ತು. ಅದೇ ನಂಬರ್ ಮತ್ತೆ ಎದುರಾದರೆ ಎಣಿಸದೆ ಮುಂದೆ ಹೋಗುತ್ತಿತ್ತು. ಹೊಸ ಆವೃತ್ತಿ ಕೆಲಸವನ್ನು ಎಂಟು ಪಾಲು ಮಾಡಿತ್ತು, ಒಂದೇ ಹೊತ್ತಿಗೆ ಎಂಟು ಜನ ಎಣಿಸಿದ ಹಾಗೆ. ಎಂಟೂ ಜನ ಒಂದು ಪಟ್ಟಿಗಾಗಿ ಸಾಲಿನಲ್ಲಿ ಕಾಯಬೇಕಾಗುತ್ತದಲ್ಲ ಎಂದು, ಆ ಭಾಗ ಬರೆದ ಸ್ವಯಂಸೇವಕ ಪಟ್ಟಿಯನ್ನೇ ಕಿತ್ತು ಹಾಕಿದ್ದ. ಅಂತರ್ಜಾಲದಲ್ಲಿ ‘ಮಿಡತೆ’ ಎಂಬ ಹೆಸರಿನಲ್ಲಿ ಓಡಾಡುವವನು, ಎಲ್ಲೋ ದೂರದಲ್ಲಿ ಇರುವವನು. ವೇಗ ಬಂದದ್ದು ಅಲ್ಲಿಂದ.

ಅದು ಮಿಡತೆಯ ತಪ್ಪು. ತನ್ನದು ಇನ್ನೂ ದೊಡ್ಡದು ಎಂಬುದು ಅವಳಿಗೆ ಒಂದು ಸಾಲಿನಲ್ಲಿ ಸಿಕ್ಕಿತು. ಪ್ರತಿ ಸಲ ಹೊಸ ಆವೃತ್ತಿ ಕಟ್ಟುವಾಗ ಹರವು ತನ್ನನ್ನು ತಾನೇ ಇನ್ನೂರ ಎಂಟು ಸಣ್ಣ ಪರೀಕ್ಷೆಗಳಿಗೆ ಒಡ್ಡಿಕೊಳ್ಳುತ್ತದೆ. ಅವುಗಳಲ್ಲಿ ಒಂದು, ಒಂಬತ್ತು ವರ್ಷದ ಹಿಂದೆ ಅವಳೇ ಬರೆದದ್ದು, ಇದೇ ಫೋಟೊ ಭಂಡಾರಕ್ಕಾಗಿ: ಎರಡು ಚೀಟಿ ಇರುವ ಕಡತವನ್ನು ಒಂದು ಸಲ ಮಾತ್ರ ಎಣಿಸುತ್ತದೆಯೇ? ಮೂರನೆಯ ಆವೃತ್ತಿ ಆ ಪರೀಕ್ಷೆಯಲ್ಲಿ ನಪಾಸಾಗಿತ್ತು. ಬಿಡುಗಡೆಗೆ ಎರಡು ದಿನ ಇತ್ತು. ಪರೀಕ್ಷೆಯೇ ಹಳೇದಾಗಿದೆ ಅಂದುಕೊಂಡು ಅವಳು ಅದನ್ನು ಬಂದ್ ಮಾಡಿದ್ದಳು. ಪಕ್ಕದಲ್ಲಿ ಅವಳದೇ ಟಿಪ್ಪಣಿ, ತಾರೀಖಿನ ಸಮೇತ: ‘ಆಮೇಲೆ ನೋಡೋಣ.’

‘ಅಣ್ಣ,’ ಎಂದಳು. ‘ನಿಮ್ಮ ಫೋಟೊ ಹದಿನೇಳು ಅಲ್ಲ. ನಾಲ್ಕು ಪಾಯಿಂಟ್ ನಾಲ್ಕು. ನಾಲ್ಕು ಸಲ ಎಣಿಸಿದೆ. ತಪ್ಪು ನಂದು.’

‘ಹಾಗಾದ್ರೆ ಅಳಿಸಲ್ವಾ?’

‘ಜಿಎಂ ಹತ್ರ ಹೋಗಿ ಬರ್ತೀನಿ.’

ಜನರಲ್ ಮ್ಯಾನೇಜರ್ ಸಭ್ಯರು. ಕೂರಲು ಹೇಳಿದರು, ಕಾಫಿ ತರಿಸಿದರು, ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅವಳು ತಂದಿದ್ದ ತಿದ್ದಿದ ಚಿತ್ರವನ್ನು ಕನ್ನಡಕ ಏರಿಸಿ ನೋಡಿದರು. ಅದರಲ್ಲಿ ಕೆಂಪು ಚೌಕ ಶೇಕಡಾ ಹತ್ತೊಂಬತ್ತಕ್ಕೆ ಕುಗ್ಗಿತ್ತು. ನೀಲಿಯದು ಮೂವತ್ತೊಂಬತ್ತಾಗಿತ್ತು.

‘ಈ ನೀಲಿ ಯಾವುದು?’

‘ವಿಡಿಯೊ, ಸರ್.’

‘ನಿನ್ನೆ ಇಪ್ಪತ್ತೈದಿತ್ತು. ಒಂದೇ ದಿನಕ್ಕೆ ಹೇಗೆ ಉಬ್ಬಿತು?’

‘ಉಬ್ಬಿಲ್ಲ ಸರ್. ನಿನ್ನೆನೂ ಒಂಬತ್ತು ಟೆರಾಬೈಟೇ, ಇವತ್ತೂ ಅಷ್ಟೇ. ಪಕ್ಕದವರು ಸುಳ್ಳುಸುಳ್ಳೇ ದಪ್ಪ ಕಾಣ್ತಿದ್ರು.’

ಅವರು ನಗಲಿಲ್ಲ. ಸ್ವಲ್ಪ ಯೋಚಿಸಿ, ಒಂದು ರಾಜಿ ಮುಂದಿಟ್ಟರು. ‘ಆಯ್ತು, ಪೂರ್ತಿ ಅಳಿಸೋದು ಬೇಡ. ಒಂದೊಂದು ಫೋಟೊ ನಾಲ್ಕು ಕಡೆ ಇದೆ ಅಂದ್ರಲ್ಲ. ಮೂರು ಕಡೆ ತೆಗೆದುಬಿಡಿ, ಒಂದು ಕಡೆ ಇಟ್ಕೊಳ್ಳಿ. ಹದಿಮೂರು ಟೆರಾಬೈಟ್ ಖಾಲಿ. ನಿಮಗೂ ಫೋಟೊ, ನನಗೂ ಜಾಗ.’

‘ಮೂರು ಕಡೆ ತೆಗೆದ್ರೆ ಒಂದು ಬೈಟೂ ಖಾಲಿ ಆಗಲ್ಲ ಸರ್.’

‘ಅದು ಹೇಗ್ರೀ ಆಗಲ್ಲ? ನಾಲ್ಕರಲ್ಲಿ ಮೂರು ಹೋದ್ರೆ?’

‘ಮನೇಲಿ ನನ್ನನ್ನ ಅತ್ತೆ ಸೊಸೆ ಅಂತಾರೆ, ಮಗಳು ಅಮ್ಮ ಅಂತಾಳೆ, ನಾದಿನಿ ಅತ್ತಿಗೆ ಅಂತಾಳೆ, ನೀವೆಲ್ಲ ಸಿಸ್ಟಮ್ಮ ಅಂತೀರಿ. ಮೂರು ಹೆಸರು ಕಿತ್ಕೊಂಡ್ರೂ ಊಟಕ್ಕೆ ಕೂರೋಳು ಒಬ್ಬಳೇ. ಅನ್ನ ಉಳಿಯಲ್ಲ.’

ಇದು ಅವರಿಗೆ ಅರ್ಥವಾಯಿತು. ಅರ್ಥವಾದದ್ದೇ ತೊಂದರೆಯಾಯಿತು. ಲೋಟ ಪಕ್ಕಕ್ಕಿಟ್ಟು ದನಿ ತಗ್ಗಿಸಿದರು. ‘ನೋಡಿ, ಹದಿನೇಳು ಖಾಲಿ ಮಾಡಿಕೊಡ್ತೀನಿ ಅಂತ ಮಾಲೀಕರಿಗೆ ಹೇಳಿಯಾಗಿದೆ. ಆ ಅಂಕಿ ಕೊಟ್ಟಿದ್ದು ನಿಮ್ಮ ಸಾಧನ. ಈಗ ಹೋಗಿ, ನಮ್ಮವರೇ ಬರೆದ ಸಾಧನ ಸುಳ್ಳು ಹೇಳ್ತು ಅಂತ ಹೇಳಲಾ? ನಿಮ್ಮ ಮರ್ಯಾದೆ ಏನಾಗುತ್ತೆ? ನಾನು ನಿಮಗೋಸ್ಕರ ಹೇಳ್ತಿರೋದು. ಸರಿಪಡಿಸಿ, ಬೇಡ ಅನ್ನಲ್ಲ. ಶುಕ್ರವಾರ ಸರಿಪಡಿಸಿ.’

‘ಗುರುವಾರ ಅಳಿಸಿದ್ದು ಶುಕ್ರವಾರ ವಾಪಸ್ ಬರುತ್ತಾ ಸರ್?’

‘ನಾಲ್ಕಾದ್ರೂ ಖಾಲಿ ಆಗುತ್ತಲ್ಲ. ವಿಡಿಯೊ ಶುರುವಾಗಲಿ. ಆಮೇಲೆ ಮಿಕ್ಕಿದ್ದು.’

‘ವಿಡಿಯೊದವರು ದಿನಕ್ಕೆ ತುಂಬೋ ಲೆಕ್ಕದಲ್ಲಿ ಆ ನಾಲ್ಕು ಟೆರಾಬೈಟ್ ಐದು ವಾರಕ್ಕೆ ಮುಗಿಯುತ್ತೆ. ಆಗ ಏನು ಅಳಿಸ್ತೀರಿ? ಅಷ್ಟೇ ಅಲ್ಲ ಸರ್. ಈ ಆವೃತ್ತಿನ ಹನ್ನೊಂದು ಸಾವಿರದ ನಾನೂರು ಜನ ಇಳಿಸಿಕೊಂಡಿದ್ದಾರೆ. ಅವರಲ್ಲೂ ಯಾರೋ ಇವತ್ತು ಕೆಂಪು ಚೌಕ ನೋಡಿ ಅಳಿಸೋಕೆ ಕೂತಿರಬಹುದು.’

‘ಅವರು ಯಾರೂ ನಮ್ಮ ಓದುಗರಲ್ಲ.’ ಅವರು ಎದ್ದು ನಿಂತರು. ‘ಕಚೇರಿಯ ಹೊತ್ತಿನಲ್ಲಿ, ಕಚೇರಿಯ ಯಂತ್ರದ ಮೇಲೆ ತಿದ್ದಿದ್ದು ಕಚೇರಿಯದ್ದು. ಶುಕ್ರವಾರದವರೆಗೆ ಆ ಸಾಧನದ ಬಗ್ಗೆ ಹೊರಗೆ ಒಂದು ಅಕ್ಷರ ಹೋಗಬಾರದು. ಇದು ಸೂಚನೆ.’

‘ಹರವು ಯಾರದ್ದೂ ಅಲ್ಲ ಸರ್. ಅದನ್ನ ಬರೆದು ಹೊರಗೆ ಬಿಟ್ಟಾಗಲೇ ನನ್ನದೂ ಆಗಿ ಉಳಿದಿಲ್ಲ. ನಿಮ್ಮದು ಹೇಗಾಗುತ್ತೆ?’

ಅವಳು ಕಾಫಿ ಕುಡಿಯಲಿಲ್ಲ.

ಸಂಜೆ ಮನೆಯಲ್ಲಿ ಅತ್ತೆ ಹಜಾರದಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದರು. ಮೂವತ್ತು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ಅಂಗಡಿಗಳ ತಕ್ಕಡಿಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವುದು ಅವರ ಕೆಲಸವಾಗಿತ್ತು. ಈಗಲೂ ತರಕಾರಿ ತಂದರೆ ಕೈಯಲ್ಲಿ ಎತ್ತಿ ನೋಡಿ, ‘ಐವತ್ತು ಗ್ರಾಂ ಕಡಿಮೆ ಇದೆ’ ಎನ್ನುತ್ತಿದ್ದರು. ಸೊಸೆ ಪಕ್ಕದಲ್ಲಿ ಕೂತು, ಸುಲಿಯುತ್ತಲೇ ನಡೆದದ್ದು ಹೇಳಿದಳು.

‘ನೀನು ಅವರ ಮುಂದೆ ತಪ್ಪು ಒಪ್ಪಿಕೊಂಡೆಯಾ?’

‘ಹೂಂ ಅತ್ತೆ.’

‘ಹೊರಗಿನವರ ಮುಂದೆ?’

‘ಇನ್ನೂ ಇಲ್ಲ. ಬೇಡ ಅಂತ ಸೂಚನೆ.’

ಅತ್ತೆ ಕಾಯೊಂದನ್ನು ಸೀಳಿ, ಒಳಗೆ ಹುಳ ನೋಡಿ, ಪಕ್ಕಕ್ಕೆಸೆದರು. ‘ನಮಗೂ ಒಂದು ಸಲ ಹಾಗೇ ಆಗಿತ್ತು. ನಾನು ಇಟ್ಟುಕೊಂಡು ತಿರುಗ್ತಿದ್ದ ಐದು ಕೆಜಿ ತೂಕದ ಕಲ್ಲೇ ಸವೆದಿತ್ತು. ಅದನ್ನ ಇಟ್ಟು ಇನ್ನೂರ ಹನ್ನೆರಡು ತಕ್ಕಡಿಗೆ ಮುದ್ರೆ ಒತ್ತಿದ್ದೆ. ಗೊತ್ತಾದ ದಿನ ಸಾಹೇಬರು ಕರೆದು, ಇದು ಹೊರಗೆ ಹೋದ್ರೆ ಇಲಾಖೆ ಮಾನ ಹೋಗುತ್ತೆ, ಮುಂದಿನ ಸಲ ಹೋದಾಗ ಒಂದೊಂದಾಗಿ ಸರಿ ಮಾಡಿಕೊಳ್ಳಿ ಅಂದ್ರು.’

‘ನೀವೇನು ಮಾಡಿದ್ರಿ?’

‘ಸುಮ್ಮನಿದ್ದೆ. ಮುಂದಿನ ವರ್ಷ ಬಡ್ತಿನೂ ಬಂತು.’ ಅವರು ಸಿಪ್ಪೆಗಳನ್ನು ಒಟ್ಟುಮಾಡಿದರು. ‘ಎರಡು ವರ್ಷ ನಾನು ಆ ಬೀದಿಯಲ್ಲಿ ಸಾಮಾನು ಕೊಳ್ಳೋಕೆ ಹೋಗ್ಲಿಲ್ಲ. ನಿಮ್ಮ ಮಾವ ಕೇಳಿದ್ರೆ ಮಂಡಿನೋವು ಅಂತಿದ್ದೆ.’

‘ಈಗ ನಾನೇನು ಮಾಡಲಿ?’

‘ಕೈ ಆಡಿಸು. ಇನ್ನೂ ಅರ್ಧ ಬುಟ್ಟಿ ಇದೆ.’

ಬುಧವಾರ ಬೆಳಗ್ಗೆ ಆರಕ್ಕೆ ಅವಳು ಅಡುಗೆಮನೆಯ ಮೇಜಿನ ಮೇಲೆ ಸ್ವಂತ ಲ್ಯಾಪ್‌ಟಾಪ್ ತೆರೆದಳು. ಪಟ್ಟಿಯನ್ನು ವಾಪಸ್ ತಂದಳು, ಆದರೆ ಒಂದರ ಬದಲು ಹದಿನಾರು ತುಂಡು ಮಾಡಿ, ಎಣಿಸುವವರು ಸಾಲಿನಲ್ಲಿ ಕಾಯುವುದು ಕಡಿಮೆಯಾಗುವಂತೆ. ನಾಲ್ಕು ಪಟ್ಟು ವೇಗ ಎರಡೂವರೆಗೆ ಇಳಿಯಿತು. ಬಂದ್ ಮಾಡಿದ್ದ ಪರೀಕ್ಷೆಯನ್ನು ಮತ್ತೆ ಶುರು ಮಾಡಿದಳು. ಚೌಕಗಳ ಮೇಲೆ ಅಂಕಿಗಳನ್ನು ಮರಳಿಸಿದಳು. ಎಲ್ಲ ಚೌಕಗಳ ಮೊತ್ತ ಡಿಸ್ಕಿಗಿಂತ ದೊಡ್ಡದಾದರೆ ಚಿತ್ರವನ್ನೇ ಬಿಡಿಸದೆ ನಿಲ್ಲುವಂತೆ ಹೊಸದೊಂದು ಪರೀಕ್ಷೆ ಬರೆದಳು. ಅದಕ್ಕೆ ‘ಬಕೆಟ್’ ಎಂದು ಹೆಸರಿಟ್ಟಳು. ಇನ್ನೂರ ಒಂಬತ್ತೂ ಪಾಸಾದವು.

ಮಿಡತೆ ಎಚ್ಚರವಿದ್ದ. ಪರದೆಯ ಮೂಲೆಯಲ್ಲಿ ಅವನ ಸಾಲುಗಳು ಮೂಡಿದವು.

‘ಅಕ್ಕ, ತಿದ್ದುಪಡಿ ಸರಿ ಇದೆ. ಪ್ರಕಟಣೆ ಯಾಕಿಷ್ಟು ಖಾರ? “ಕೆಲವು ಸಂದರ್ಭಗಳಲ್ಲಿ ಅಳತೆಯನ್ನು ಉತ್ತಮಪಡಿಸಲಾಗಿದೆ” ಅಂತ ಹಾಕಿದ್ರೆ ಸಾಕಲ್ವಾ? ಎಲ್ಲರೂ ಹಾಗೇ ಹಾಕ್ತಾರೆ.’

‘ಉತ್ತಮಪಡಿಸಿಲ್ಲ. ಸುಳ್ಳು ಹೇಳ್ತಿತ್ತು, ನಿಲ್ಲಿಸಿದ್ದೇವೆ.’

‘ಹಾಗಾದ್ರೆ ಪಟ್ಟಿ ಕಿತ್ತಿದ್ದು ನಾನು ಅಂತ ಹಾಕಿ. ನನಗೇನು, ಯಾರಿಗೂ ನನ್ನ ಮುಖ ಗೊತ್ತಿಲ್ಲ.’

‘ನೀನು ನನಗೆ ತೋರಿಸಿಯೇ ಕಿತ್ತೆ. ಪರೀಕ್ಷೆ ಬಂದ್ ಮಾಡಿದ್ದು ನಾನು. ಅದನ್ನೇ ಹಾಕಿದ್ದೀನಿ.’

‘ಬೈತಾರೆ ಅಕ್ಕ.’

‘ಬೈಯಲಿ. ಓದಿಯಾದ್ರೂ ಬೈಯಲಿ.’

ಹರವು ಶುರುವಾಗುವಾಗ, ಅಂತರ್ಜಾಲಕ್ಕೆ ಜೋಡಿಸಿದ್ದರೆ, ಒಂದು ಸಾಲಿನ ಸುದ್ದಿ ತರಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಅಲ್ಲಿ ‘ಹೊಸ ಆವೃತ್ತಿ ಬಂದಿದೆ’ ಎಂದಿರುತ್ತದೆ, ಯಾರೂ ಓದುವುದಿಲ್ಲ. ಮೂರನೆಯ ಆವೃತ್ತಿ ಇರುವ ಎಲ್ಲ ಯಂತ್ರಗಳಿಗೂ ಆ ಜಾಗದಲ್ಲಿ ಇಡೀ ಪರದೆ ತುಂಬುವ ಕೆಂಪು ಪ್ರಕಟಣೆ ಹೋಗುವಂತೆ ಅವಳು ಮಾಡಿದಳು. ಅದನ್ನು ಓದಿ ‘ಓದಿದ್ದೇನೆ’ ಒತ್ತದೆ ಚಿತ್ರ ತೆರೆಯುವುದಿಲ್ಲ. ಅದರಲ್ಲಿದ್ದದ್ದು ಇಷ್ಟು:

‘ಈ ಆವೃತ್ತಿಯ ಅಳತೆ ತಪ್ಪು. ಒಂದೇ ಕಡತಕ್ಕೆ ಹಲವು ಹೆಸರುಗಳಿದ್ದರೆ, ಇದು ಅದನ್ನು ಅಷ್ಟು ಸಲ ಎಣಿಸುತ್ತದೆ. ಈ ಚಿತ್ರ ನಂಬಿ ಏನನ್ನಾದರೂ ಅಳಿಸಲು ಹೊರಟಿದ್ದರೆ ನಿಲ್ಲಿಸಿ. ಈ ತಪ್ಪನ್ನು ಹಿಡಿಯುವ ಪರೀಕ್ಷೆ ಇತ್ತು. ಬಿಡುಗಡೆ ತಡವಾಗಬಾರದೆಂದು ಅದನ್ನು ಬಂದ್ ಮಾಡಿದವಳು ನಾನು. ಸರಿಪಡಿಸಿದ ಆವೃತ್ತಿ ಇಲ್ಲಿದೆ.’

ಏಳು ನಲವತ್ತಕ್ಕೆ ಬಿಡುಗಡೆಯ ಗುಂಡಿ ಒತ್ತಿ, ಮಗಳ ಶಾಲೆಯ ಚೀಲ ಹುಡುಕಲು ಎದ್ದಳು.

ಮಧ್ಯಾಹ್ನದೊಳಗೆ ಅರವತ್ತಮೂರು ಪತ್ರಗಳು ಬಂದವು. ಒಬ್ಬ, ಒಂಬತ್ತು ವರ್ಷ ನಂಬಿದ್ದಕ್ಕೆ ಇದಾ ಎಂದು ಕೇಳಿದ್ದ. ಒಬ್ಬಳು, ಕೆಂಪು ಪರದೆ ನೋಡಿ ಯಂತ್ರಕ್ಕೆ ವೈರಸ್ ಹೊಕ್ಕಿತು ಅಂದುಕೊಂಡು ಪ್ಲಗ್ಗೇ ಕಿತ್ತಿದ್ದಾಗಿ ಬರೆದಿದ್ದಳು. ಹದಿನೇಳು ಜನ ಥ್ಯಾಂಕ್ಸ್ ಹೇಳಿದ್ದರು. ಒಂದು ಪತ್ರವನ್ನು ಅವಳು ಎರಡು ಸಲ ಓದಿದಳು. ಹವಾಮಾನ ಅಳೆಯುವ ಸಣ್ಣ ಕೇಂದ್ರವೊಂದರಿಂದ ಬಂದದ್ದು. ‘ನಾವು ನಿನ್ನೆಯೇ ಅಳಿಸಿದೆವು. ಎಂಟು ವರ್ಷದ ಗಾಳಿಯ ದಾಖಲೆ. ನಿಮ್ಮ ಚಿತ್ರದಲ್ಲಿ ಅದೇ ದೊಡ್ಡದಾಗಿ ಕಂಡಿತ್ತು. ನಿಮ್ಮ ಪ್ರಕಟಣೆ ಒಂದು ದಿನ ಮೊದಲು ಬಂದಿದ್ದರೆ ಉಳಿಯುತ್ತಿತ್ತು.’

ಅವಳು ಉತ್ತರ ಬರೆದಳು. ಕ್ಷಮೆ ಕೇಳಿದಳು. ಅಳಿಸಿದ್ದನ್ನು ವಾಪಸ್ ತರಲು ಇರುವ ಮೂರು ದಾರಿಗಳನ್ನು, ಅವುಗಳಲ್ಲಿ ಯಾವುದೂ ಖಚಿತವಲ್ಲ ಎಂಬುದನ್ನೂ ಸೇರಿಸಿ ಬರೆದಳು. ಆ ಡಿಸ್ಕಿಗೆ ಹೊಸದೇನನ್ನೂ ತುಂಬಬೇಡಿ ಎಂದಳು. ಆಮೇಲೆ ಕೇಂದ್ರದವರ ಪತ್ರದ ಒಂದು ಪ್ರತಿ ಮುದ್ರಿಸಿ, ಮಡಚಿ, ಚೀಲದಲ್ಲಿಟ್ಟುಕೊಂಡಳು.

ಗುರುವಾರ ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಗುತ್ತಿಗೆಯವರು ಬಂದರು. ಐವತ್ತರ ಆಸುಪಾಸಿನ ಮನುಷ್ಯ, ಭುಜದ ಮೇಲೆ ಚೀಲ, ಯಾವ ಊರಿನ ಯಾವ ಯಂತ್ರದ ಕೋಣೆಗೆ ಹೋದರೂ ಚಳಿಯೆಂದು ಗೊತ್ತಿದ್ದವರ ಹಾಗೆ ಸ್ವೆಟರ್. ಜನರಲ್ ಮ್ಯಾನೇಜರ್ ಅವರ ಹಿಂದೆಯೇ ಬಂದರು. ಆಲ್ಬಮ್ ಅಣ್ಣ ಬಾಗಿಲ ಬಳಿ ನಿಂತರು. ಒಳಗೆ ಬನ್ನಿ ಎಂದು ಯಾರೂ ಹೇಳಲಿಲ್ಲ, ಹೋಗಿ ಎಂದೂ ಹೇಳಲಿಲ್ಲ.

ಅಳಿಸುವ ಮೊದಲು ಒಮ್ಮೆ ಅಳೆದು ಬರೆದುಕೊಳ್ಳುವುದು ಗುತ್ತಿಗೆಯವರ ಪದ್ಧತಿ. ಅದಕ್ಕೆ ಅವರು ಬಳಸುತ್ತಿದ್ದದ್ದೂ ಹರವೇ. ತಮ್ಮ ಪೆನ್‌ಡ್ರೈವ್ ಚುಚ್ಚಿ ತೆರೆದರು. ಪರದೆ ಕೆಂಪಾಯಿತು. ಅವರು ಪೂರ್ತಿ ಓದಿದರು. ಆಮೇಲೆ ತಲೆ ಎತ್ತಿದರು.

‘ಇದನ್ನ ಬರೆದವರು ಯಾರು ಅಂತ ಹುಡುಕಬೇಕು ಈಗ.’

‘ಹುಡುಕಬೇಡಿ. ನಾನೇ,’ ಎಂದಳು ಸಿಸ್ಟಮ್ಮ.

‘ಸಾಧನಾನಾ, ನೋಟಿಸಾ?’

‘ಎರಡೂ.’

ಅವರು ಹೊಸ ಆವೃತ್ತಿ ಇಳಿಸಿಕೊಂಡು ಮತ್ತೆ ಅಳೆದರು. ಚೀಲದಿಂದ ಆದೇಶದ ಕಾಗದ ತೆಗೆದು ಪಕ್ಕದಲ್ಲಿಟ್ಟುಕೊಂಡರು. ‘ಸರ್, ಇದರಲ್ಲಿ 17.6 ಖಾಲಿ ಮಾಡಿಕೊಡಬೇಕು ಅಂತ ಬರೆದಿದೆ. ಇಲ್ಲಿರೋದು 4.4. ನಾಳೆ ಮಿಕ್ಕಿದ ಹದಿಮೂರು ಎಲ್ಲಿ ಅಂತ ಕೇಳಿದ್ರೆ ನಾನು ಜೇಬಲ್ಲಿ ಹಾಕ್ಕೊಂಡು ಹೋದೆ ಅನ್ನೋದಾ?’

‘ಅಂಕಿ ಇರಲಿ. ನೀವು ಆ ಫೋಲ್ಡರ್ ಅಳಿಸಿ, ಸಾಕು,’ ಎಂದರು ಜನರಲ್ ಮ್ಯಾನೇಜರ್.

‘ಅಂಕಿ ತಿದ್ದಿ ಸಹಿ ಮಾಡಿಕೊಡಿ, ಅಳಿಸ್ತೀನಿ. ನನ್ನ ಕೆಲಸ ಅಳಿಸೋದು. ಜಗಳ ನನ್ನ ಕೆಲಸ ಅಲ್ಲ.’

ಜನರಲ್ ಮ್ಯಾನೇಜರ್ ಸಿಸ್ಟಮ್ಮನ ಕಡೆ ತಿರುಗಿದರು. ‘ನಿಮಗೆ ಸೂಚನೆ ಕೊಟ್ಟಿದ್ದೆ.’

‘ಕೊಟ್ಟಿದ್ರಿ.’

‘ಪಾಲಿಸಲಿಲ್ಲ.’

‘ಇಲ್ಲ.’

‘ಹಾಗಾದ್ರೆ ನೀವೇ ಕೂತು ಅಳಿಸಿ. ಈಗ. ಇದು ಆದೇಶ.’

ಸಿಸ್ಟಮ್ಮ ಕೀಲಿಮಣೆಯನ್ನು ಅವರ ಕಡೆಗೆ ತಳ್ಳಿದಳು.

‘ನಾನು ಅಳಿಸಲ್ಲ ಸರ್. ನೀವು ಅಳಿಸೋದಾದ್ರೆ ದಾರಿ ಹೇಳಿಕೊಡ್ತೀನಿ, ಒಂದೇ ಸಾಲು. ಅದಕ್ಕೆ ಮುಂಚೆ ಒಂದು ಕಾಗದ ಬರೆದು ಸಹಿ ಹಾಕಿ. ನಲವತ್ತು ವರ್ಷದ ಫೋಟೊ ಅಳಿಸಿದೆ, ಬೇರೆ ಪ್ರತಿ ಇಲ್ಲ, ಸಿಕ್ಕಿದ್ದು ನಾಲ್ಕು ಪಾಯಿಂಟ್ ನಾಲ್ಕು, ಅದು ಐದು ವಾರಕ್ಕೆ ಸಾಕಾಗುತ್ತೆ, ಇದೆಲ್ಲ ಗೊತ್ತಿದ್ದೇ ಅಳಿಸಿದೆ ಅಂತ. ಒಂದು ಪ್ರತಿ ಮಾಲೀಕರಿಗೆ.’

‘ಹೆದರಿಸ್ತಿದ್ದೀರಾ?’

‘ಅಂಕಿ ಹೇಳ್ತಿದ್ದೀನಿ.’ ಅವಳು ಚೀಲದಿಂದ ಮಡಚಿದ ಕಾಗದ ತೆಗೆದು ಅವರ ಮುಂದಿಟ್ಟಳು. ‘ಇದನ್ನೂ ಓದಿ. ಇವರು ಮಂಗಳವಾರ ಅಳಿಸಿದ್ರು. ಇವರಿಗೆ ಕ್ಷಮೆ ಕೇಳೋದು ಬಿಟ್ಟು ನನ್ನಿಂದ ಹೆಚ್ಚೇನೂ ಮಾಡೋಕೆ ಆಗ್ಲಿಲ್ಲ. ನಿಮ್ಮ ವಿಷಯದಲ್ಲಾದ್ರೂ ಹೊತ್ತಿಗೆ ಮುಂಚೆ ಹೇಳಿದ್ದೀನಿ.’

ಅವರು ಪತ್ರ ಓದಿದರು. ಗುತ್ತಿಗೆಯವರ ಆದೇಶ ಓದಿದರು. ಪೆನ್ನು ಜೇಬಿನಲ್ಲೇ ಇತ್ತು. ಅದನ್ನು ಮುಟ್ಟಿದರು, ತೆಗೆಯಲಿಲ್ಲ. ‘ಮಾಲೀಕರ ಹತ್ರ ಮಾತಾಡಿ ಹೇಳ್ತೀನಿ,’ ಎಂದು ಹೊರಟರು. ಬಾಗಿಲಲ್ಲಿ ಆಲ್ಬಮ್ ಅಣ್ಣ ದಾರಿ ಬಿಡಲು ಒಂದು ಕ್ಷಣ ಹೆಚ್ಚೇ ತೆಗೆದುಕೊಂಡರು.

ಗುತ್ತಿಗೆಯವರು ಪೆನ್‌ಡ್ರೈವ್ ಕಿತ್ತುಕೊಂಡರು. ‘ಹೊಸದರ ಟಿಪ್ಪಣೀಲಿರೋ ಆ ಬಕೆಟ್ ಪರೀಕ್ಷೆ ಚೆನ್ನಾಗಿದೆ,’ ಎಂದರು. ‘ಬೇಕಾದಷ್ಟು ಸಲ ನಾನೇ ಮೋಸ ಹೋಗಿದ್ದೀನಿ.’

ಶುಕ್ರವಾರ ಮಾಲೀಕರಿಗೆ ಎರಡೂ ಚಿತ್ರಗಳು ಹೋದವು. ವಿಡಿಯೊದವರು ತಮ್ಮ ಒಂಬತ್ತರಲ್ಲಿ ಸಂಕಲನಕ್ಕೆ ಬಳಸದ ತುಣುಕುಗಳನ್ನು ತಾವೇ ಆರಿಸಿ ತೆಗೆಯಬೇಕು ಎಂಬ ಒಂದು ಸಾಲಿನ ಉತ್ತರ ಬಂತು. ಫೋಟೊಗಳ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ. ಅಳಿಸುವ ಆದೇಶವನ್ನು ಯಾರೂ ರದ್ದು ಮಾಡಲಿಲ್ಲ. ಯಾರೂ ಮತ್ತೆ ಸಹಿ ಮಾಡಲೂ ಇಲ್ಲ.

ಶನಿವಾರ ಸಿಸ್ಟಮ್ಮನ ಕೈಗೆ ಕಾರಣ ಕೇಳಿ ನೋಟಿಸ್ ಬಂತು. ಮೂರು ಪ್ರಶ್ನೆ, ನಲವತ್ತೆಂಟು ಗಂಟೆ ಗಡುವು. ಕೆಲಸ ಹೋಗಬಹುದು ಎಂಬುದು ಕೊನೆಯ ಪ್ಯಾರಾದಲ್ಲಿ ಮೃದುವಾಗಿ ಇತ್ತು. ಸೋಮವಾರ ಬೆಳಗ್ಗೆ ಅವಳು ಉತ್ತರ ತೆಗೆದುಕೊಂಡು ಸಿಬ್ಬಂದಿ ವಿಭಾಗಕ್ಕೆ ಹೋದಳು. ಅಲ್ಲಿನ ಅಧಿಕಾರಿಣಿ ಅವಳ ಜೊತೆಯಲ್ಲೇ ಕೆಲಸಕ್ಕೆ ಸೇರಿದವರು. ಉತ್ತರ ಓದಿ, ಕಾಗದವನ್ನು ಮೇಜಿನ ಮೇಲೆ ವಾಪಸ್ ಜಾರಿಸಿದರು.

‘ಒಂದು ವಾಕ್ಯ ಸೇರಿಸು. “ನನ್ನ ನಡವಳಿಕೆಗೆ ವಿಷಾದಿಸುತ್ತೇನೆ.” ಅಷ್ಟೇ. ಫೈಲ್ ಮುಚ್ಚಿಬಿಡ್ತೀನಿ. ಒಂದು ವಾಕ್ಯಕ್ಕೆ ಹದಿನಾಲ್ಕು ವರ್ಷದ ಕೆಲಸ ಕಳ್ಕೋತೀಯಾ?’

‘ತಪ್ಪಿಗೆ ವಿಷಾದ ಬುಧವಾರವೇ ಹಾಕಿದ್ದೀನಿ. ಹನ್ನೊಂದು ಸಾವಿರದ ನಾನೂರು ಪರದೆ ಮೇಲೆ. ಹೇಳಿದ್ದಕ್ಕೆ ವಿಷಾದ ಇಲ್ಲ.’

‘ಹಟಮಾರಿ ನೀನು.’

‘ಸೀಲ್ ಹಾಕಿ ಕೊಡು. ನನಗೊಂದು ಪ್ರತಿ ಬೇಕು.’

ಅಧಿಕಾರಿಣಿ ಇನ್ನೊಮ್ಮೆ ಕಾಗದ ನೋಡಿದರು. ಒಂದೇ ಪುಟ. ಪ್ರಶ್ನೆ ಒಂದು: ಸಾಧನದಲ್ಲಿ ತಪ್ಪಿತ್ತು ಎಂಬುದು ನಿಜವೇ? ‘ನಿಜ. ವಿವರ ಲಗತ್ತಿಸಿದೆ.’ ಪ್ರಶ್ನೆ ಎರಡು: ಸೂಚನೆ ಇದ್ದೂ ಅದನ್ನು ಹೊರಗೆ ಪ್ರಕಟಿಸಿದ್ದು ನಿಜವೇ? ‘ನಿಜ. ಬುಧವಾರ ಬೆಳಗ್ಗೆ 7.40.’ ಪ್ರಶ್ನೆ ಮೂರು: ಯಾರ ಅನುಮತಿ ಪಡೆದು?

‘ಯಾರದ್ದೂ ಇಲ್ಲ. ಮುಂದೆ ಇಂಥ ತಪ್ಪು ಕಂಡರೆ ಆಗಲೂ ಕೇಳುವುದಿಲ್ಲ.’

ಅವರು ಸೀಲ್ ಒತ್ತಿದರು. ಶಾಯಿ ಒಣಗಿತ್ತು, ಎರಡನೆಯ ಸಲ ಒತ್ತಬೇಕಾಯಿತು.